ನುಗ್ಗೇಹಳ್ಳಿಯ ಮ್ಯೂಸಿಕ್ ಪ್ರೊಡ್ಯೂಸರ್

ರವೀಂದ್ರ ಸಂಗೀತಕ್ಕೆ ಇಳಿದದ್ದು ಸಂಗೀತದ ಮೇಲಿನ ಪ್ರೀತಿಯಿಂದಲ್ಲ, ಹೆಣ್ಣು ಸಿಗದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವನನ್ನೇ ಕೇಳಿದರೆ ಬೇರೆ ಕಥೆ ಹೇಳುತ್ತಾನೆ. ಚಿಕ್ಕಂದಿನಿಂದಲೂ ತನ್ನ ಕಿವಿ ಬಲು ಸೂಕ್ಷ್ಮವೆಂದೂ, ತೆಂಗಿನ ಗರಿ ಅಲ್ಲಾಡಿದರೂ ತನಗೆ ತಾಳ ಕೇಳಿಸುತ್ತಿತ್ತೆಂದೂ ಅನ್ನುತ್ತಾನೆ. ನಂಬಬೇಡಿ. ಚಿಕ್ಕಂದಿನಲ್ಲಿ ಅವರವ್ವ ಊಟಕ್ಕೆ ಕರೆದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ನುಗ್ಗೇಹಳ್ಳಿಯಲ್ಲಿ ನಂಜಪ್ಪನ ಮನೆಯೆಂದರೆ ಅನುಕೂಲವಂತರ ಮನೆ. ತೆಂಗಿನ ತೋಟ, ನೀರಿರುವ ಬೋರು, ಹಟ್ಟಿ ತುಂಬ ಹಸು, ತಾರಸಿ ಮನೆ. ಒಬ್ಬನೇ ಮಗ, ಅವನೇ ರವೀಂದ್ರ. ಹಿಂದೆಲ್ಲ ಇಷ್ಟಿದ್ದ ಹುಡುಗನ ಮನೆ ಬಾಗಿಲಿಗೆ ಹೆಣ್ಣಿನವರು ತಾವಾಗಿ ಬರುತ್ತಿದ್ದರು. ಈಗ ಗಂಡು ವ್ಯವಸಾಯ ಮಾಡುತ್ತಾನೆ ಅಂದರೆ ಸಾಕು, "ಮನೇಲಿ ಮಾತಾಡಿ ಹೇಳ್ತೀವಿ" ಅಂದು ಫೋನಿಡುತ್ತಾರೆ, ಮತ್ತೆ ಎತ್ತುವುದಿಲ್ಲ. ಹಾಗೆ ಅನ್ನುವವರೂ ಉಳುವವರೇ, ತಲೆತಲಾಂತರದಿಂದ ಗದ್ದೆಯ ಕೆಸರಲ್ಲೇ ಬದುಕಿದವರೇ. ಆದರೆ ಅಳಿಯನ ಕೈಗೆ ಮಾತ್ರ ಮಣ್ಣು ಅಂಟಿರಬಾರದು. ಹಾಸನದ ಯಾವುದೋ ಆಫೀಸಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಆಕಳಿಸುವವನಾದರೂ ಆದೀತು, ತೋಟದ ಯಜಮಾನ ಆಗಲಾರ. ರವೀಂದ್ರನಿಗೆ ಮೂವತ್ತು ದಾಟಿ ಬಹಳ ಕಾಲವಾಗಿತ್ತು. ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಯತೊಡಗಿತ್ತು.

ಕೊನೆಗೆ ಅವನು ಹೋದದ್ದು ಪರಮೇಶನ ಬಳಿಗೆ. ಪರಮೇಶ್ ಚನ್ನರಾಯಪಟ್ಟಣದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಗಂಡುಹೆಣ್ಣುಗಳ ಬಯೋಡೇಟಾ ಪ್ರಿಂಟ್ ಹಾಕುತ್ತ ಹಾಕುತ್ತಲೇ ಸಂಬಂಧ ಕುದುರಿಸುವ ಆಸಾಮಿ.

"ಉದ್ಯೋಗ ಅನ್ನೋ ಜಾಗದಲ್ಲಿ ಏನ್ ಆಕ್ಲಪ್ಪ?" ಅಂದ ಪರಮೇಶ್.

"ವ್ಯವಸಾಯ ಅಂತ ಆಕಣ್ಣ."

"ಅದ್ನ ಆಕುದ್ರೆ ಈ ಪೇಪರ್ನಾಗೆ ಕಳ್ಳೇಕಾಯಿ ಕಟ್ಕಂಡು ತಿನ್ಬೇಕಾಯ್ತದೆ. ಇನ್ನೇನ್ ಬತ್ತದೆ ನಿಂಗೆ?"

ರವೀಂದ್ರ ಯೋಚನೆ ಮಾಡಿದ. "ಆಡು ಕೇಳ್ತೀನಿ. ಟ್ರಾಕ್ಟರ್ನಾಗೂ ಸ್ಪೀಕರ್ ಮಡಗಿವ್ನಿ."

"ಕೇಳಾದು ಕೆಲ್ಸ ಅಲ್ಲ ಕಣ್ಲಾ, ಮಾಡಾದು ಕೆಲ್ಸ," ಅಂದವನೇ ಪರಮೇಶ್ 'ಮ್ಯೂಸಿಕ್ ಪ್ರೊಡ್ಯೂಸರ್' ಎಂದು ಟೈಪ್ ಮಾಡಿಬಿಟ್ಟ.

"ಅಂಗಂದ್ರೇನಣ್ಣ?"

"ನಂಗೂ ಗೊತ್ತಿಲ್ಲ. ಹೆಣ್ಣಿನೋರ್ಗೂ ಗೊತ್ತಿರಕಿಲ್ಲ. ಅದ್ಕೇ ಆಕಿದ್ದು."

ಪರಮೇಶನ ಲೆಕ್ಕಾಚಾರ ತಪ್ಪಿದ್ದು ಒಂದೇ ಕಡೆ. ಸಾಲಗಾಮೆಯ ದೇವರಾಜ್ ಅವರ ಮಗಳು ಸಿಂಧುವಿಗೆ ಅದು ಏನೆಂದು ಗೊತ್ತಿತ್ತು. ಅವಳು ಹಾಸನದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಬಸ್ಸಿನಲ್ಲಿ ಹೋಗುವಾಗ ಬರುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಇರುವವಳು. ಬಂದ ಬಯೋಡೇಟಾಗಳಲ್ಲಿ ಸರ್ಕಾರಿ ಕೆಲಸದವರನ್ನೂ ಪಕ್ಕಕ್ಕಿಟ್ಟು ಇವನದನ್ನು ಎತ್ತಿಕೊಂಡಳು. ಫೋನಿನಲ್ಲಿ ಆಡಿದ ಮೊದಲನೆಯ ಮಾತೇ, "ನೀವು ಮಾಡಿರೋದು ಒಂದು ಟ್ರ್ಯಾಕ್ ಕಳಿಸ್ತೀರಾ?" ಎಂದಿತ್ತು.

ರವೀಂದ್ರ ಸಿಕ್ಕಿಬಿದ್ದ. ಅವಳ ಫೋಟೋ ನೋಡಿದ್ದ, ದನಿಯನ್ನೂ ಕೇಳಿಯಾಗಿತ್ತು. ಈ ಹೆಣ್ಣನ್ನು ಕಳೆದುಕೊಂಡರೆ ತನಗಿನ್ನು ಮದುವೆಯಿಲ್ಲ ಎಂದು ಅವನಿಗೆ ಖಚಿತವಾಗಿ ಅನ್ನಿಸಿತು. "ಒಂದು ದೊಡ್ಡ ಪ್ರಾಜೆಕ್ಟ್ ನಡೀತಾ ಇದೆ, ಮುಗಿದ ಕೂಡ್ಲೇ ಕಳಿಸ್ತೀನಿ," ಎಂದು ಪಟ್ಟಣದ ಭಾಷೆಯಲ್ಲಿ ಸುಳ್ಳು ಹೇಳಿದ. ಮಾರನೆಯ ದಿನ ಹಾಸನಕ್ಕೆ ಹೋಗಿ, ಯಾರೋ ಬಳಸಿ ಬಿಸಾಕಿದ ಲ್ಯಾಪ್‌ಟಾಪೊಂದನ್ನು ಕೊಂಡು ತಂದ.

ಮನೆಯ ಹಿಂದೆ ಕೊಬ್ಬರಿ ಒಣಗಲು ಬಿಡುವ ಕೋಣೆಯೇ ಸ್ಟುಡಿಯೋ ಆಯಿತು. ಸ್ಟುಡಿಯೋದ ಗೋಡೆಗೆ ಮೊಟ್ಟೆ ತಟ್ಟೆ ಅಂಟಿಸಬೇಕೆಂದು ಯೂಟ್ಯೂಬಿನಲ್ಲಿ ಒಬ್ಬ ಹೇಳಿದ್ದ. ಟೋಪಿ ತಿರುಗಿಸಿ ಹಾಕಿಕೊಂಡು ಹಿಂದಿಯಲ್ಲಿ ಪಾಠ ಹೇಳುವ ಆ ಹುಡುಗನೇ ರವೀಂದ್ರನ ಗುರು. ಗುರುವಿನ ಮಾತಿನಲ್ಲಿ ಅರ್ಧ ಇವನಿಗೆ ತಿಳಿಯುತ್ತಿರಲಿಲ್ಲ. ತಿಳಿದ ಅರ್ಧವನ್ನು ತಪ್ಪದೆ ಮಾಡುತ್ತಿದ್ದ. ಹೋಟೆಲುಗಳಿಂದ ಖಾಲಿ ಮೊಟ್ಟೆ ತಟ್ಟೆ ತಂದು ಗೋಡೆ ತುಂಬ ಮೆತ್ತಿದ.

ಅವನ ತಾಯಿ ಲಕ್ಕಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಲೇ, ಮೊಟ್ಟೆ ಯಾಪಾರ ಏನಾರ ಸುರು ಮಾಡ್ತಿದ್ದೀಯೇನ್ಲಾ?"

"ಸೌಂಡು ಆಚ್ಗೆ ಓಗಬಾರ್ದು ಅಂತ ಕಣವ್ವ."

"ನಿನ್ ಸೌಂಡ್ನ ಯಾರ್ಲಾ ಕದೀತಾರೆ?"

ಮೊದಲ ತಿಂಗಳು ಹಾಡು ಮಾಡುವುದರಲ್ಲಿ ಹೋಗಲಿಲ್ಲ, ಹಾಡು ಮಾಡುವುದು ಹೇಗೆಂಬ ವಿಡಿಯೋ ನೋಡುವುದರಲ್ಲಿ ಹೋಯಿತು. ಯಾವ ಹೆಡ್‌ಫೋನು ಒಳ್ಳೆಯದು, ಯಾವ ಸ್ಪೀಕರನ್ನು ಗೋಡೆಯಿಂದ ಎಷ್ಟು ದೂರ ಇಡಬೇಕು, ದೊಡ್ಡ ದೊಡ್ಡವರೆಲ್ಲ ಯಾವ ಸಾಫ್ಟ್‌ವೇರ್ ಬಳಸುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಯಿತು. ಪುಕ್ಕಟೆ ಸಿಗುವ ಸದ್ದುಗಳನ್ನು ಇಳಿಸಿಕೊಂಡದ್ದೇ ಇಳಿಸಿಕೊಂಡದ್ದು: ಗಾಜು ಒಡೆಯುವುದು, ಹಡಗು ಕೂಗುವುದು, ಯಾವುದೋ ದೇಶದ ಹೆಂಗಸು ನಿಟ್ಟುಸಿರು ಬಿಡುವುದು. ಲ್ಯಾಪ್‌ಟಾಪು ಹೊಟ್ಟೆ ತುಂಬಿ ಮೇಲುಸಿರು ಬಿಡತೊಡಗಿತು. ಟೀ ಅಂಗಡಿಯಲ್ಲಿ ಯಾರಾದರೂ, "ಎಲ್ಲಿಗ್ ಬಂತಪ್ಪ ಆಡು?" ಎಂದರೆ, "ಮಿಕ್ಸಿಂಗ್ ಇನ್ನೂ ಕ್ಲೀನಾಗಿಲ್ಲ ಕಣಣ್ಣ," ಅನ್ನುತ್ತಿದ್ದ. ಮಿಕ್ಸ್ ಮಾಡಲು ಅವನ ಬಳಿ ಏನೂ ಇರಲಿಲ್ಲ.

ಎರಡನೆಯ ತಿಂಗಳು ಒಂದು ಲೂಪ್ ಹುಟ್ಟಿತು. ಒಂದು ಸಣ್ಣ ತುಣುಕು ಮುಗಿದ ಕೂಡಲೇ ತಾನೇ ಮೊದಲಿಗೆ ಹೋಗಿ ಮತ್ತೆ ಮತ್ತೆ ನುಡಿಯುತ್ತದಲ್ಲ, ಅದನ್ನು ಲೂಪ್ ಅನ್ನುತ್ತಾರೆ. ಹೊಸದಾಗಿ ಈ ಕೆಲಸಕ್ಕೆ ಇಳಿದವರೆಲ್ಲ ಮೊದಲು ಬಂದು ಸಿಕ್ಕಿಬೀಳುವುದು ಇಲ್ಲೇ. ತುಣುಕು ಚೆನ್ನಾಗಿಯೇ ಇರುತ್ತದೆ, ಅದರ ಮುಂದೆ ಏನು ಎಂಬುದು ಹೊಳೆಯುವುದಿಲ್ಲ. ರವೀಂದ್ರ ತೋಟದಲ್ಲಿ ತೆಂಗಿನಕಾಯಿ ಬೀಳುವ 'ದಪ್' ಎಂಬ ಸದ್ದನ್ನು ಫೋನಿನಲ್ಲಿ ಹಿಡಿದು, ಅದನ್ನೇ ತಾಳ ಮಾಡಿ, ಮೇಲೆ ಒಂದು ಕೀಬೋರ್ಡಿನ ಎಳೆ ಹಾಕಿದ್ದ. ನಿಜ ಹೇಳಬೇಕೆಂದರೆ ಕೇಳಲು ಪರವಾಗಿರಲಿಲ್ಲ. ಆದರೆ ಅದು ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು. ಬಾಗಿಲ ಬಳಿ ಹಾದುಹೋದ ನಂಜಪ್ಪ ಒಮ್ಮೆ, "ಮೋಟ್ರು ಇಷ್ಟೊತ್ತು ಓಡಿದ್ರೆ ನೀರಾದ್ರೂ ಬತ್ತಿತ್ತು," ಎಂದು ಹೇಳಿ ಹೋದ.

ಇದರ ಮೇಲೆ ಇನ್ನೊಂದು ಕಷ್ಟ. ಸಾಫ್ಟ್‌ವೇರು ಪುಕ್ಕಟೆಯದು, ಬರಿಯ ಪರೀಕ್ಷೆ ನೋಡಲು ಕೊಟ್ಟದ್ದು. ಮಾಡಿದ ಕೆಲಸವನ್ನು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯಲು ಬಿಡುತ್ತಿರಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಯಾವುದೋ ಕಾಲವಾಗಿತ್ತು. ಹಾಗಾಗಿ ಕರೆಂಟು ಹೋದಾಗಲೆಲ್ಲ ಹಾಡೂ ಹೋಗುತ್ತಿತ್ತು. ನುಗ್ಗೇಹಳ್ಳಿಯಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ರವೀಂದ್ರ ಅದೇ ಹಾಡನ್ನು ಮೊದಲಿಂದ ಕಟ್ಟುತ್ತಿದ್ದ. ಬಿಟ್ಟುಬಿಡೋಣ ಅನ್ನಿಸಿದಾಗ ಸಿಂಧುವಿನ ಫೋಟೋ ನೋಡಿಕೊಳ್ಳುತ್ತಿದ್ದ. ಅಷ್ಟರಮಟ್ಟಿಗೆ ಅವನ ಹಟವನ್ನು ಮೆಚ್ಚಬೇಕು.

ಹೀಗಿರುವಾಗ ಸಿಂಧು ಫೋನ್ ಮಾಡಿ, "ಭಾನುವಾರ ಮನೆ ನೋಡೋಕೆ ಬರ್ತಿದೀವಿ. ಹಾಡು ಕಳಿಸೋದೇನೂ ಬೇಡ, ಅಲ್ಲೇ ಬಂದು ದೊಡ್ಡ ಸ್ಪೀಕರಲ್ಲಿ ಕೇಳ್ತೀನಿ," ಅಂದಳು.

ನಮ್ಮ ಕಡೆ ಹೆಣ್ಣಿನವರು ಮನೆ ನೋಡಲು ಬರುವುದೆಂದರೆ ಸಾಮಾನ್ಯದ ಮಾತಲ್ಲ. ಹಟ್ಟಿಯ ಹಸುವಿನ ಕೆಚ್ಚಲಿನಿಂದ ಹಿಡಿದು ಬಚ್ಚಲಿನ ನಲ್ಲಿಯವರೆಗೆ ನೋಡಿ, ಬೋರಿನ ನೀರು ಕುಡಿದು, ಅಕ್ಕಪಕ್ಕದವರನ್ನು ಮಾತಾಡಿಸಿ, ಆಮೇಲೆ ತಾಂಬೂಲದ ಮಾತೆತ್ತುತ್ತಾರೆ. ಅಂಥ ದಿನ ಗಂಡು ತೆಂಗಿನಕಾಯಿ ಬೀಳುವ ಸದ್ದನ್ನೇ ಸುತ್ತಿ ಸುತ್ತಿ ಕೇಳಿಸಿದರೆ ಗತಿ ಏನು? ಹಾಡಿಗೆ ಜೀವ ತುಂಬುವ ಏನಾದರೊಂದು ಬೇಕಾಗಿತ್ತು. ರವೀಂದ್ರನಿಗೆ ಆಗ ನೆನಪಾದದ್ದು ಹುಚ್ಚಯ್ಯನ ತಮಟೆ.

ಹುಚ್ಚಯ್ಯ ಊರಾಚೆಯ ಕೇರಿಯವನು. ಊರಮ್ಮನ ಪೂಜೆಗೆ ತಮಟೆ ಬಡಿಯುವುದು ಅವನ ಮನೆತನದ ಕೆಲಸ. ನಂಜಪ್ಪನ ಓರಗೆಯವನು, ತಲೆ ಬೆಳ್ಳಗಾಗಿದೆ. ರವೀಂದ್ರ ಅವನನ್ನು 'ಬಾ, ಹೋಗು' ಎಂದೇ ಮಾತಾಡಿಸುತ್ತಿದ್ದ, ಅದು ತಪ್ಪೆಂದು ಅವನಿಗೆ ಎಂದೂ ಹೊಳೆದದ್ದಿಲ್ಲ. ಹೇಳಿ ಕಳಿಸಿದ್ದಕ್ಕೆ ಹುಚ್ಚಯ್ಯ ಬಂದು ಅಂಗಳದಲ್ಲಿ ನಿಂತ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಅವನೂ ಬರಲು ಹೋಗಲಿಲ್ಲ. ಲಕ್ಕಮ್ಮ ಪೇಪರ್ ಲೋಟದಲ್ಲಿ ಕಾಫಿ ಕೊಟ್ಟಳು. ಪೇಪರ್ ಲೋಟ ಬಂದ ಮೇಲೆ ಇಂಥ ವಿಷಯಗಳೆಲ್ಲ ಬಲು ಸಲೀಸಾಗಿಬಿಟ್ಟಿವೆ. ಲೋಟ ಬೇರೆ ಇಡಬೇಕಾಗಿಲ್ಲ, ಮನಸ್ಸಿಗೆ ಕಸಿವಿಸಿಯೂ ಇಲ್ಲ, ಕುಡಿದ ಮೇಲೆ ಬಿಸಾಡಿದರಾಯಿತು.

ರವೀಂದ್ರ ಫೋನನ್ನು ಜಗಲಿಯ ಮೇಲೆ ಇಟ್ಟು, "ಅಮ್ಮನ್ನ ಬರುಸ್ತೀಯಲ್ಲ, ಆ ಪೆಟ್ಟು ಒಡಿ ಹುಚ್ಚಯ್ಯ," ಅಂದ.

ಆ ಪೆಟ್ಟು ಎಲ್ಲರಿಗೂ ಗೊತ್ತಿರುವುದೇ. ಮೊದಲು ನಿಧಾನ, ಆಮೇಲೆ ಏರು. ಏರಿನ ನಡುವೆಯೇ ಪೂಜೆಗೆ ನಿಂತವರ ಪೈಕಿ ಯಾರ ಮೇಲೋ ಅಮ್ಮ ಬರುತ್ತಾಳೆ, ಕುಣಿಯುತ್ತಾಳೆ, ಕೇಳಿದ್ದಕ್ಕೆ ಉತ್ತರ ಹೇಳುತ್ತಾಳೆ. ಕೊನೆಗೆ ಇಳಿಸುವ ಪೆಟ್ಟು ಬೇರೆ ಇದೆ. ಅದನ್ನು ಹೊಡೆದರೆ ಅಮ್ಮ ಮೈಬಿಟ್ಟು ಹೋಗುತ್ತಾಳೆ. ಹುಚ್ಚಯ್ಯ ಮೂರನ್ನೂ ಹೊಡೆದ. ರವೀಂದ್ರ ನಡುವೆಯೇ, "ಸಾಕು ಸಾಕು," ಎಂದು ಕೈ ಎತ್ತಿದರೂ ನಿಲ್ಲಿಸಲಿಲ್ಲ.

"ಇಳಿಸ್ದೆ ನಿಲ್ಸಂಗಿಲ್ಲ ಕಣ್ ರವಿಯಪ್ಪ," ಎಂದು ಪೂರ್ತಿ ಮಾಡಿಯೇ ಹೋದ.

ರವೀಂದ್ರ ಒಳಗೆ ಹೋಗಿ ಏರು ಪೆಟ್ಟನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಕತ್ತರಿಸಿ ಎಸೆದ. ಬಿಸಿ ಇರುವುದು ಅಲ್ಲೇ, ನಿಧಾನದ್ದು ಯಾರಿಗೆ ಬೇಕು? ಕತ್ತರಿಸಬೇಕಾದರೆ ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ಮೊದಲು ಕೇಳಬೇಕಲ್ಲ. ಕರೆಂಟು ಹೋದಾಗಲೆಲ್ಲ ಮತ್ತೆ ಕೇಳಿ ಮತ್ತೆ ಕತ್ತರಿಸಬೇಕಾಯಿತು. ಹೀಗೆ ಅವನು ಎಸೆದ ತುಂಡೇ ಅವನ ಕಿವಿಯಲ್ಲಿ ಹೆಚ್ಚಾಗಿ ಕೂತಿತು. ಏರು ಪೆಟ್ಟನ್ನು ಕಂಪ್ಯೂಟರಿನ ತಾಳಕ್ಕೆ ಕೂಡಿಸಿ, ಲೂಪ್ ಮಾಡಿ, ಅಡಿಗೆ ಎದೆ ನಡುಗಿಸುವಂಥ ಒಂದು ಗುಂಯ್‌ಗುಟ್ಟುವ ಸದ್ದು ಹಾಕಿದ. ದೊಡ್ಡ ಪ್ರೊಡ್ಯೂಸರುಗಳ ಹಾಡಿನಲ್ಲಿ ಮೊದಲಿಗೆ ಯಾರೋ ಅವರ ಹೆಸರು ಕೂಗುತ್ತಾರೆಂದು ಗುರು ಹೇಳಿದ್ದ. ಇವನೂ ಕಂಪ್ಯೂಟರಿನ ಇಂಗ್ಲಿಷ್ ಹೆಂಗಸಿನಿಂದ ತನ್ನ ಹೆಸರು ಹೇಳಿಸಿದ. ಅವಳು, "ರವಿಂಡ್ರಾ!" ಎಂದಳು. ಅದೂ ಲೂಪಿನೊಳಗೇ ಸೇರಿಕೊಂಡಿತು, ತೆಗೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಒಟ್ಟಿನಲ್ಲಿ ಹಾಡು ತಯಾರಾಯಿತು. ಹುಚ್ಚಯ್ಯನ ಹೆಸರು ಎಲ್ಲೂ ಇರಲಿಲ್ಲ.

ಭಾನುವಾರ ಬೆಳಗ್ಗೆ ಕಾರು ಬಂತು. ಕಾರಿನಿಂದ ದೇವರಾಜ್ ಇಳಿದರು, ಸಿಂಧು ಇಳಿದಳು, ಕೊನೆಗೆ ಎರಡು ಕಡೆಯಿಂದಲೂ ಹಿಡಿದುಕೊಂಡು ಸಿಂಧುವಿನ ಸೋದರತ್ತೆ ದೊಡ್ಡತಾಯಮ್ಮನನ್ನು ಇಳಿಸಿದರು. ಸಿಂಧುವಿನ ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಈ ಅತ್ತೆಯೇ. ಎತ್ತರದ ಆಳು, ಬಾಯಿ ತುಂಬ ಎಲೆಯಡಿಕೆ, ಬಾಯಿ ತುಂಬ ನಗು. ತಮ್ಮೂರಿನ ಪೂಜೆಯಲ್ಲಿ ವರ್ಷವರ್ಷವೂ ಅಮ್ಮ ಬರುವುದು ಈಕೆಯ ಮೇಲೆಯೇ. ಅದನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ, ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಬಯೋಡೇಟಾದಲ್ಲಿ ಅತ್ತೆಯ ವಿಷಯ ಬರೆಯಲು ಜಾಗ ಇರುವುದಿಲ್ಲ.

ಉಪ್ಪಿಟ್ಟು, ಕೇಸರಿಬಾತು ಆಯಿತು. ದೇವರಾಜ್ ಹಟ್ಟಿ ನೋಡಿದರು, ಬೋರಿನ ನೀರು ಕುಡಿದು ಬಾಯಿ ಚಪ್ಪರಿಸಿದರು. ದೊಡ್ಡವರು ತೋಟದ ಕಡೆ ಹೋದಾಗ ಸಿಂಧು, "ಸ್ಟುಡಿಯೋ ಎಲ್ಲಿದೆ?" ಎಂದು ಕೇಳಿ ಕೊಬ್ಬರಿ ಕೋಣೆಗೆ ಬಂದಳು. ಮೊಟ್ಟೆ ತಟ್ಟೆಗಳನ್ನು ನೋಡಿ ನಗು ತಡೆದುಕೊಂಡಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ಸದ್ದಿನ ಗೆರೆಗಳಿದ್ದವು.

"ಇದೇನು?" ಎಂದು ಒಂದನ್ನು ತೋರಿಸಿದಳು.

"ತಮಟೆ."

"ಯಾರು ಹೊಡೆದಿರೋದು?"

"ಹುಚ್ಚಯ್ಯ ಅಂತ. ನಮ್ಮೂರೋರು," ಅಂದ ರವೀಂದ್ರ. ಯಾಕೋ ಅವಳ ಎದುರು ಸುಳ್ಳು ಬಾಯಿಗೆ ಬರಲಿಲ್ಲ, ಹುಚ್ಚಯ್ಯನಿಗೆ ಬಹುವಚನವೂ ಬಂದುಬಿಟ್ಟಿತು. ಆ ದಿನ ಅವನು ಆಡಿದ ನಿಜವೆಂದರೆ ಅದೊಂದೇ.

"ಚೆನ್ನಾಗಿದೆ. ಒಂದಿನ ಅವರನ್ನೂ ನೋಡ್ಬೇಕು," ಅಂದಳು ಸಿಂಧು. ರವೀಂದ್ರನಿಗೆ ಎದೆಯಲ್ಲಿ ಹಿತವಾಯಿತು.

ಎಲ್ಲರೂ ನಡುಮನೆಯಲ್ಲಿ ಸೇರಿದರು, ಬೆಳಗ್ಗೆಯೇ ಬಂದು ಕಾದಿದ್ದ ಪರಮೇಶನೂ. ಶಾಮಿಯಾನದವರಿಂದ ತಂದ ದೊಡ್ಡ ಸ್ಪೀಕರುಗಳು ಟಿವಿಯ ಅಕ್ಕಪಕ್ಕ ನಿಂತಿದ್ದವು. ರವೀಂದ್ರ ಹಾಡು ಇಳಿಸಿಕೊಂಡಿದ್ದ ಫೋನಿಗೆ ಸ್ಪೀಕರಿನ ವೈರು ಸಿಕ್ಕಿಸಿ ಗುಂಡಿ ಒತ್ತಿದ. "ರವಿಂಡ್ರಾ!" ಎಂದಳು ಇಂಗ್ಲಿಷ್ ಹೆಂಗಸು. ನಂಜಪ್ಪ ಯಾರೋ ಕರೆದರೆಂದು ಬಾಗಿಲ ಕಡೆ ನೋಡಿದ. ತಮಟೆ ಶುರುವಾಯಿತು. ಆ ಮನೆಯ ನಡುಮನೆಗೆ ತಮಟೆ ಬಂದದ್ದು ಅದೇ ಮೊದಲು. ಬಡಿದ ಕೈ ಅಂಗಳದಲ್ಲೇ ಉಳಿದಿತ್ತು, ಸದ್ದು ಮಾತ್ರ ಬಂದು ಸೋಫಾದ ಎದುರು ಕೂತಿತ್ತು. ಯಾರಿಗೂ ಅದರಿಂದ ಮೈಲಿಗೆಯಾಗಲಿಲ್ಲ.

ದೇವರಾಜ್ ತೊಡೆ ತಟ್ಟಿಕೊಂಡು ತಲೆದೂಗಿದರು. "ಮೈ ಜುಂ ಅಂತದಲ್ಲ ಪರಮೇಶ! ಏನ್ ತಲೆ ಈ ಉಡುಗುಂದು!"

ಅಷ್ಟರಲ್ಲಿ ದೊಡ್ಡತಾಯಮ್ಮ ಆಕಳಿಸಿದರು. ಮತ್ತೊಂದು ಸಲ ಆಕಳಿಸಿದರು. ಕೈಯಲ್ಲಿದ್ದ ಕಾಫಿ ಲೋಟ ಗಡಗಡ ನಡುಗಿತು. ಸಿಂಧು, "ಅತ್ತೇ!" ಎಂದು ಎದ್ದು ಲೋಟ ಕಿತ್ತುಕೊಳ್ಳುವಷ್ಟರಲ್ಲಿ ಆಕೆಯ ತುರುಬು ಬಿಚ್ಚಿ ಬಿತ್ತು. "ಹೇಯ್!" ಎಂದು ಒಂದು ಕೂಗು ಹಾಕಿ ದೊಡ್ಡತಾಯಮ್ಮ ಎದ್ದೇಬಿಟ್ಟರು. ಇಳಿಯುವಾಗ ಇಬ್ಬರು ಹಿಡಿದುಕೊಳ್ಳಬೇಕಾಗಿದ್ದ ಹೆಂಗಸು ಟೀಪಾಯಿಯನ್ನು ಒಂದೇ ಹಾರಿಗೆ ದಾಟಿದರು.

"ಯಾಕ್ ಕರದ್ರೀ ನನ್ನ?" ಎಂದು ಕೇಳಿದಳು ಅಮ್ಮ.

ಯಾರು ಕರೆದದ್ದೆಂದು ಯಾರಿಗೂ ತಿಳಿಯಲಿಲ್ಲ. ಪರಮೇಶ್ ಮಾತ್ರ ಎಲ್ಲಿದ್ದರೂ ದಲ್ಲಾಳಿಯೇ. ಕೈಮುಗಿದು ಮುಂದೆ ಬಂದ. "ತಪ್ಪಾಯ್ತು ತಾಯಿ. ಒಂದು ಸಂಬಂಧದ ಯವಾರ. ಕೂಡ್ತದೋ ಇಲ್ವೋ ಅಪ್ಪಣೆ ಕೊಡ್ಸ್‌ಬುಡವ್ವ."

ಅಮ್ಮ ಬಾಯಿ ತೆರೆದಳು. "ಈ ಸಂಬಂಧಾ..." ಎಂದಳು. ಅಷ್ಟರಲ್ಲಿ ಲೂಪು ಮುಗಿದು, "ರವಿಂಡ್ರಾ!" ಎಂದು ಮತ್ತೆ ಮೊದಲಿಂದ ಶುರುವಾಯಿತು. ಅಮ್ಮ ಮಾತು ಬಿಟ್ಟು ಕುಣಿಯತೊಡಗಿದಳು. ಮತ್ತೆ ಪರಮೇಶ್ ಕೇಳಿದ, ಮತ್ತೆ ಅಮ್ಮ ಬಾಯಿ ತೆರೆದಳು, ಮತ್ತೆ ಇಂಗ್ಲಿಷ್ ಹೆಂಗಸು ಅಡ್ಡ ಬಂದಳು. ನಡುಮನೆಯ ಕುರ್ಚಿಗಳು ಉರುಳಿದವು. ಲಕ್ಕಮ್ಮ ಮಂಗಳಾರತಿ ತಟ್ಟೆ ಹಿಡಿದುಕೊಂಡು ಅಮ್ಮನ ಹಿಂದೆ ಹಿಂದೆ ಓಡಾಡಿದಳು.

"ಆಫ್ ಮಾಡಿ! ಬಿದ್ದುಬಿಡ್ತಾರೆ ಅತ್ತೆ, ಆಫ್ ಮಾಡಿ!" ಎಂದು ಸಿಂಧು ಕೂಗಿದಳು.

ರವೀಂದ್ರ ವೈರನ್ನೇ ಕಿತ್ತ. ಸದ್ದು ನಿಂತಿತು. ಅದು ಇನ್ನೂ ಕೆಟ್ಟದಾಯಿತು. ದೊಡ್ಡತಾಯಮ್ಮ ನಿಂತಲ್ಲೇ ಕೊರಡಿನಂತೆ ಬಿಗಿದುಕೊಂಡರು. ಹಲ್ಲು ಕಚ್ಚಿತ್ತು, ಕಣ್ಣು ಮೇಲಾಗಿತ್ತು, ಉಸಿರು ಬುಸುಗುಟ್ಟುತ್ತಿತ್ತು. ನಿಂಬೆಹಣ್ಣು ಕೊಟ್ಟರು, ಕುಂಕುಮ ಹಚ್ಚಿದರು, ನೀರು ಚಿಮುಕಿಸಿದರು. ಏನೂ ಆಗಲಿಲ್ಲ. ಸಿಂಧು ಅತ್ತೆಯ ಮಣಿಕಟ್ಟು ಹಿಡಿದು, ನಾಡಿ ಬಲು ಜೋರಾಗಿ ಹೊಡೆಯುತ್ತಿದೆಯೆಂದು ಅಳುತ್ತ ಹೇಳಿದಳು. ಹುಚ್ಚಯ್ಯನನ್ನು ಕರೆಸೋಣವೆಂದರೆ ಅವನು ಅರಕಲಗೂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದ.

ರವೀಂದ್ರ ಆಗ ಯೋಚನೆ ಮಾಡಲಿಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಹಟ್ಟಿಗೆ ಓಡಿ, ಹಸುಗಳಿಗೆ ನೀರು ತುಂಬಿಡುವ ನೀಲಿ ಡ್ರಮ್ಮನ್ನು ನೀರು ಚೆಲ್ಲಿ ಎತ್ತಿಕೊಂಡು ಬಂದ. ನಡುಮನೆಯಲ್ಲಿ ಬೋರಲು ಹಾಕಿದ. ಒಂದು ಕೈಗೆ ಸೌದೆಯ ಚಕ್ಕೆ, ಇನ್ನೊಂದು ಬರಿಗೈ. ತಾನು ಎಷ್ಟೋ ಸಲ ಕತ್ತರಿಸಿ ಎಸೆದಿದ್ದ ಆ ಕೊನೆಯ ತುಂಡನ್ನು ಬಡಿಯತೊಡಗಿದ. ಮೊದಲು ಏರಿನ ಬಾಲ ಹಿಡಿದ, ಆಮೇಲೆ ಒಂದೊಂದೇ ಪೆಟ್ಟು ಬಿಡಿಸುತ್ತ, ಸಡಿಲಿಸುತ್ತ, ದೂರ ದೂರ ಇಡುತ್ತ ಬಂದ. ದೊಡ್ಡತಾಯಮ್ಮನ ಭುಜ ಇಳಿಯಿತು. ಅವರ ಉಸಿರನ್ನೇ ನೋಡುತ್ತ, ಅದಕ್ಕೆ ಸರಿಯಾಗಿ ಪೆಟ್ಟು ಇಟ್ಟ. ಹಣೆಯಿಂದ ಬೆವರು ಡ್ರಮ್ಮಿನ ಮೇಲೆ ತೊಟ್ಟಿಕ್ಕುತ್ತಿತ್ತು. ಈ ಮನುಷ್ಯನನ್ನು ಇಷ್ಟು ಹೊತ್ತು ಆಡಿಕೊಂಡೆವಲ್ಲ, ಆ ಹೊತ್ತಿನಲ್ಲಿ ಅವನು ನಿಜಕ್ಕೂ ಚೆನ್ನಾಗಿ ಬಾರಿಸುತ್ತಿದ್ದ. ಬೇರೆ ಯಾರನ್ನೋ ನೋಡುತ್ತ, ತನ್ನನ್ನು ಮರೆತು. ಸಿಂಧು ಅಳು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

ಕೊನೆಯ ಪೆಟ್ಟಿಗೆ ದೊಡ್ಡತಾಯಮ್ಮ ಮೆತ್ತಗೆ ನೆಲಕ್ಕೆ ಕುಸಿದು ಕೂತು, "ನೀರು," ಅಂದರು. ಸಿಂಧು ಕುಡಿಸಿದಳು. ಆಕೆಯನ್ನು ಒಳಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದರು. ಸಿಂಧು ಹೊರಗೆ ಬಂದು ರವೀಂದ್ರನ ಕಡೆ ನೋಡಿ ಸಣ್ಣಗೆ ನಕ್ಕಳು. ಪರಮೇಶ್ ಆ ನಗುವನ್ನು ಕಂಡು ತಾಂಬೂಲದ ತಟ್ಟೆ ಎಲ್ಲಿದೆಯೆಂದು ಕಣ್ಣಲ್ಲೇ ಹುಡುಕಿದ.

ದೇವರಾಜ್ ಮಾತ್ರ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಅದರಲ್ಲಿ ಕೂತು, ಗಂಟಲು ಸರಿಮಾಡಿಕೊಂಡರು.

"ಈ ಬಡಿಯೋ ಇದ್ಯೆ ಎಲ್ಲಿ ಕಲ್ತೆಯಪ್ಪ ನೀನು?"

"ಎಲ್ಲೂ ಇಲ್ಲ ಸಾ."

"ಎಲ್ಲೂ ಕಲೀದೆ ಇಂಗೆ ಬತ್ತದಾ? ನೋಡು, ನಾವು ನಾಕ್ ಜನಕ್ಕೆ ಮುಖ ತೋರುಸ್ಬೇಕು. ನಾಳೆ ಸಾಲಗಾಮೇಲಿ, ದೇವರಾಜಪ್ಪನ ಅಳೀಮಯ್ಯ ತಮಟೆ ಬಡೀತಾನಂತೆ ಅಂದ್ರೆ? ನಮ್ ಪೈಕಿ ಯಾರಾರ ಮುಟ್ತಾರಾ ಅದ್ನ?"

ತೊಡೆ ತಟ್ಟಿ ತಲೆದೂಗಿದ ಬಾಯೇ ಇದು. ಅದೇ ಸದ್ದು ಕರೆಂಟಿನಿಂದ ಬಂದಾಗ ತಲೆ, ಕೈಯಿಂದ ಬಂದಾಗ ಕಳಂಕ. ಇದನ್ನು ಹೇಳಬಲ್ಲವನು ಅಲ್ಲಿ ಒಬ್ಬನೇ ಇದ್ದ. ಅವನ ಅಂಗೈ ಇನ್ನೂ ಕೆಂಪಗೆ ಉರಿಯುತ್ತಿತ್ತು. ಆದರೆ ರವೀಂದ್ರನ ಕಣ್ಣೆದುರು ಬಂದದ್ದು ಕೈತಪ್ಪಿ ಹೋಗುತ್ತಿರುವ ಮದುವೆ.

ಅವನು ಸರಕ್ಕನೆ ಅವ್ವನ ತಲೆಯ ಮೇಲೆ ಕೈಯಿಟ್ಟ. "ಅವ್ವನಾಣೆಗೂ ನಂಗೆ ತಮಟೆ ಗಿಮಟೆ ಬರಕಿಲ್ಲ ಸಾ. ಅಮ್ಮನೇ ನನ್ ಕೈ ಆಡ್ಸಿರ್ಬೇಕು. ನಾನ್ ಒಡ್ದಿದ್ದಲ್ಲ."

"ಆಡ್ನ ಒಳ್ಗಡೆ ಇರಾದು?"

"ಅದ್ಯಾರೂ ಬಡ್ದಿಲ್ಲ ಸಾ. ಪೂರ್ತಿ ಕಂಪ್ಯೂಟ್ರೇ ಮಾಡಿದ್ದು. ಮನುಷ್ಯರ ಕೈಯೇ ಸೋಕಿಲ್ಲ."

ಎದುರಿಗಿದ್ದವರೆಲ್ಲ ಕಣ್ಣಾರೆ ಕಂಡವರು. ನೀಲಿ ಡ್ರಮ್ಮು ಇನ್ನೂ ಅಲ್ಲೇ ಬೋರಲು ಬಿದ್ದಿತ್ತು. ಆದರೂ ದೇವರಾಜರ ಮುಖ ಅರಳಿತು. ಅವರಿಗೆ ಬೇಕಾಗಿದ್ದದ್ದು ನಿಜವಲ್ಲ, ಊರಿಗೆ ಹೇಳಲು ಒಂದು ಮಾತು. "ಅಂಗನ್ನು ಮತ್ತೆ! ಅಮ್ಮನೇ ಆಡ್ಸವ್ಳೆ ಅಂದ್ಮೇಲೆ ಅವ್ಳದೂ ಒಪ್ಗೆ ಅಂತಾಯ್ತು. ತಟ್ಟೆ ತಕ್ಕೊಂಬನ್ನಿ," ಅಂದರು. ಲಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎಲೆಯಡಿಕೆ ಜೋಡಿಸಲು ಹೋದಳು.

"ಅಪ್ಪ, ನನಗೆ ಬೇಡ," ಅಂದಳು ಸಿಂಧು.

"ಯಾಕವ್ವಾ? ಎಲ್ಲಾ ಸರಿ ಓಯ್ತಲ್ಲ ಈಗ?"

"ಅತ್ತೆನ ಇಳಿಸಿದ್ರಲ್ಲ, ಅವರನ್ನ ಒಪ್ಪಿದ್ದೆ ನಾನು. ಅವರೇ ಈಗ ಅದು ನಾನಲ್ಲ ಅಂತಿದಾರೆ. ಇನ್ನ ಯಾರನ್ನ ಮದುವೆ ಆಗ್ಲಿ?"

ಅವಳು ಕೋಪದಿಂದ ಹೇಳಲಿಲ್ಲ. ಲ್ಯಾಬಿನಲ್ಲಿ ರಿಪೋರ್ಟ್ ಓದಿ ಹೇಳುವ ಹಾಗೆ ಹೇಳಿದಳು. ರವೀಂದ್ರ, "ನಾನೇ ಕಣ್ರೀ ಹೊಡೆದದ್ದು," ಅನ್ನಲು ಬಾಯಿ ತೆರೆದ. ಅವ್ವ ತಾಂಬೂಲದ ತಟ್ಟೆ ಹಿಡಿದುಕೊಂಡು ಎದುರಿಗೇ ನಿಂತಿದ್ದಳು. ಅವಳ ತಲೆ ಮುಟ್ಟಿ ಆಣೆ ಇಟ್ಟಾಗಿತ್ತು. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡ.

ಆಮೇಲೆ ಯಾರು ಯಾರಿಗೆ ಏನು ಹೇಳಿದರೂ ಉಪಯೋಗವಾಗಲಿಲ್ಲ. ದೇವರಾಜ್ ಮಗಳ ಮೇಲೆ ರೇಗಿದರು, ಪರಮೇಶ್ ನಡುವೆ ಬಂದು ಇಬ್ಬರಿಂದಲೂ ಬೈಸಿಕೊಂಡ. ದೊಡ್ಡತಾಯಮ್ಮನನ್ನು ಎಬ್ಬಿಸಿ, ತುರುಬು ಕಟ್ಟಿ, ಕೈಹಿಡಿದು ಕಾರಿನವರೆಗೆ ನಡೆಸಿಕೊಂಡು ಬಂದರು. ಮೈಮೇಲೆ ಬಂದವರಿಗೆ ಆದದ್ದೊಂದೂ ನೆನಪಿರುವುದಿಲ್ಲ. ಆಕೆ ಕಾರಿನ ಕಿಟಕಿಯಿಂದ ಕೈ ಚಾಚಿ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ರವೀಂದ್ರನ ಕೆನ್ನೆ ಸವರಿದರು.

"ಓಗ್ಬತ್ತೀವಿ ಕಣ್ ಮಗ. ಅದೇನೋ ಆಡು ಮಾಡೀಯೆ ಅಂದ್ರು, ಕೇಳಾನ ಅಂತ ಆಸೆ ಪಟ್ಕಂಡು ಬಂದಿದ್ದೆ. ಬಾರ್ಸ್‌ಲೇ ಇಲ್ವಲ್ಲಪ್ಪ ನೀನು?"

ರವೀಂದ್ರ ಸಿಂಧುವಿನ ಕಡೆ ನೋಡಿದ. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದಳು.

"ಇಲ್ಲ ಕಣಜ್ಜಿ," ಅಂದ ರವೀಂದ್ರ.